ಕಿಟಕಿಯಾಚೆಯ ಸೂರಕ್ಕಿ

ದೊಡ್ಡಬಳ್ಳಾಪುರದ ರಾಜೇಂದ್ರ ಮಗ್ಗದ ಮೇಲೆ ಚಿತ್ತಾರ ಎತ್ತುವ ಜಕಾರ್ಡ್ ಪೆಟ್ಟಿಗೆ ಸರಿಮಾಡಲು ಏಣಿ ಹತ್ತಿದ್ದವನು ಅಂಗಾತ ಬಿದ್ದ. ಆಸ್ಪತ್ರೆಯಿಂದ ಮನೆಗೆ ಬಂದಾಗ ಸೊಂಟದಿಂದ ಕೆಳಗೆ ಅವನ ಮಾತು ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಹಿಂದಿನ ಕೋಣೆಯ ಕಿಟಕಿಗೆ ತಾಗಿಸಿ ಮಂಚ ಹಾಕಿದರು. ನಡುಮನೆಯಲ್ಲಿದ್ದ ಎರಡು ಕರೆಂಟು ಮಗ್ಗಗಳನ್ನು ಹೆಂಡತಿ ಶಾಮಲಾ ಒಬ್ಬಳೇ ಓಡಿಸಬೇಕಾಯಿತು.

ಕೈಗಳೇನೋ ಚೆನ್ನಾಗಿದ್ದವು. ಸೀರೆಯ ಅಂಚಿಗೆ, ಸೆರಗಿಗೆ ಗಿಳಿ, ನವಿಲು, ಹಂಸಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಿದ್ದವನು ಮೊದಲಿನಿಂದಲೂ ಅವನೇ. ಹೊತ್ತು ಹೋಗಲೆಂದು ಶಾಮಲಾ ಪೆನ್ಸಿಲ್, ಬಣ್ಣದ ಡಬ್ಬಿ ತಂದುಕೊಟ್ಟಳು. ಕಿಟಕಿಯಾಚೆಯ ದಾಸವಾಳಕ್ಕೆ ಸೂರಕ್ಕಿಗಳು ಬರುತ್ತಿದ್ದವು. ಹೆಬ್ಬೆರಳಿನಷ್ಟು ಹಕ್ಕಿ, ಹಳದಿ ಹೊಟ್ಟೆ, ಬಾಗಿದ ಕೊಕ್ಕು. ಅದನ್ನು ಬರೆಯಲು ಹೊರಟ.

ಸೀರೆಯ ಗಿಳಿ ನಿಲ್ಲಿಸಿದಲ್ಲಿ ನಿಲ್ಲುತ್ತಿತ್ತು. ಇದು ನಿಲ್ಲಲಿಲ್ಲ. ಕೊಕ್ಕು ಬರೆಯುವಷ್ಟರಲ್ಲಿ ಬೆನ್ನು ತಿರುಗಿಸುತ್ತಿತ್ತು; ಬೆನ್ನಿಗೆ ಗೆರೆ ಎಳೆಯುವಷ್ಟರಲ್ಲಿ ತಲೆಕೆಳಗಾಗಿ ಇನ್ನೊಂದು ಹೂವಿಗೆ ಜೋತುಬಿದ್ದಿರುತ್ತಿತ್ತು. ಹಾಳೆಯ ತುಂಬ ಬರೀ ತುಂಡುಗಳು, ಇಲ್ಲೊಂದು ಬಾಲ, ಅಲ್ಲೊಂದು ಕಣ್ಣು.

"ಒಂದಾದ್ರೂ ಪೂರ್ತಿ ಇಲ್ವಲ್ರೀ," ಎಂದಳು ಶಾಮಲಾ.

"ಅದು ಒಂದ್ಕಡೆ ಇದ್ರೆ ತಾನೆ? ಬಿದ್ದಲ್ಲೇ ಬಿದ್ದಿರೋನು ನಾನೊಬ್ನೇ ಕಣೇ."

ಹಾಗೆಂದು ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಬರುಬರುತ್ತಾ ಒಂದು ದಾರಿ ಸಿಕ್ಕಿತು. ನೋಡುತ್ತಾ ಬರೆಯುವುದನ್ನು ಬಿಟ್ಟ. ಒಂದು ಸಲ ಚೆನ್ನಾಗಿ ನೋಡಿ, ಕಣ್ಣು ಮುಚ್ಚಿ, ಆ ಒಂದು ಹೊರಳನ್ನು ಮಾತ್ರ ಒಂದೇ ಗೆರೆಯಲ್ಲಿ ಇಳಿಸುವುದು. ಆ ಗೆರೆಗಳಿಗೆ ಜೀವ ಬರತೊಡಗಿತು.

ಶಿವರಾತ್ರಿ ಕಳೆದ ಮೇಲೆ ಹೆಣ್ಣುಹಕ್ಕಿ ಕಿಟಕಿಯೆದುರು ಬಟ್ಟೆ ಒಣಹಾಕುವ ತಂತಿಗೆ ಗೂಡು ಕಟ್ಟಿತು. ಜೇಡರಬಲೆ, ತರಗೆಲೆ, ಮಗ್ಗದ ಕಸದಿಂದ ಹೆಕ್ಕಿದ ರೇಷ್ಮೆ ಎಳೆ. ಶಾಮಲಾ ಬಟ್ಟೆಯನ್ನು ತಾರಸಿ ಮೇಲೆ ಒಣಹಾಕತೊಡಗಿದಳು. ಮರಿಗಳಾದವು. ಗೂಡಿನ ಬಾಯಲ್ಲಿ ಎರಡು ಕೊಕ್ಕು ಕಾಣಿಸಿದ ದಿನ ರಾಜೇಂದ್ರ ಮುದ್ದೆ ಆರಿದರೂ ಪೆನ್ಸಿಲ್ ಕೆಳಗಿಡಲಿಲ್ಲ.

ಒಂದು ಮಧ್ಯಾಹ್ನ ಕಾಂಪೌಂಡಿನ ಮೇಲೆ ಕೆಂಬೂತ ಬಂದಿಳಿಯಿತು. ಗೂಡಿನ ಕಡೆಗೇ ನೋಡಿತು. ರಾಜೇಂದ್ರ ಚಪ್ಪಾಳೆ ತಟ್ಟಿದ. ಅದು ಕದಲಲಿಲ್ಲ. ನೀರಿನ ಲೋಟ ಎಸೆದ. ಕಿಟಕಿಯ ಹೊರಗಿನ ಸೊಳ್ಳೆಜಾಲರಿಗೆ ಬಡಿದು ಅವನ ಮೇಲೇ ಬಿತ್ತು.

"ಶಾಮಲಾ! ಲೇ ಶಾಮಲಾ!"

ನಡುಮನೆಯಲ್ಲಿ ಎರಡೂ ಮಗ್ಗ ಓಡುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೇ ಕೇಳದು. ಕೆಂಬೂತ ದಾಸವಾಳದ ಕೊಂಬೆ ಹಿಡಿದು ತಂತಿಯ ಕಡೆಗೆ ಸರಿಯಿತು. ರಾಜೇಂದ್ರ ಕಿಟಕಿಯ ಸರಳು ಹಿಡಿದು ಎದೆಯವರೆಗೆ ಎದ್ದ. ಕಾಲುಗಳು ಹಾಸಿಗೆಯಲ್ಲೇ ಉಳಿದವು. ತಾಯಿಹಕ್ಕಿ ಚೀರುತ್ತಾ ಕೆಂಬೂತದ ತಲೆಗೆ ಎರಗುತ್ತಿತ್ತು. ಗೂಡು ಹರಿಯಿತು. ಒಂದು ಮರಿ ಹೋಯಿತು, ಆಮೇಲೆ ಇನ್ನೊಂದು. ಎಲ್ಲವನ್ನೂ ಅವನು ಕೈಯಳತೆಯ ದೂರದಿಂದ ನೋಡಿದ.

ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತವು. ಅವನ ಕೂಗು ಆಗ ಮನೆಯೆಲ್ಲ ಕೇಳಿಸಿತು. ಶಾಮಲಾ ಓಡಿಬಂದಳು.

"ಏನಾಯ್ತು? ಬಿದ್ರಾ?"

"ಕೂಗ್ದೆ ಕಣೇ. ಎಷ್ಟ್ ಕೂಗ್ದೆ."

ಅವಳು ಹೊರಗೆ ನೋಡಿದಳು. ತಂತಿಗೆ ಗೂಡಿನ ಚಿಂದಿಯಷ್ಟೇ ನೇತಾಡುತ್ತಿತ್ತು. "ಒಂಚೂರೂ ಕೇಳಿಸ್ಲಿಲ್ವಲ್ರೀ," ಎಂದವಳು ಮಂಚದ ಅಂಚಿಗೆ ಕುಸಿದಳು. "ಇದೇ ನಿಮಗೇ ಏನಾದ್ರೂ ಆಗಿದ್ದಿದ್ರೆ?"

ಸಂಜೆ ತಾಯಿಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬಂದು ತಂತಿಯ ಮೇಲೆ ಕೂತಿತು. ಕದಲಲೇ ಇಲ್ಲ. ಬರೆಯಲು ಬೇಕಾದಷ್ಟು ಹೊತ್ತಿತ್ತು. ರಾಜೇಂದ್ರ ಗೋಡೆಯ ಕಡೆ ಮುಖ ತಿರುಗಿಸಿದ.

ಆ ವಾರವೇ ಪಕ್ಕದ ಮನೆಯ ಅಪ್ಪಯ್ಯಣ್ಣ ಬಂದು ಮಂಚದ ತಲೆಗೆ ಸ್ವಿಚ್ಚು, ಮಗ್ಗದ ಮೇಲೆ ಕೆಂಪು ಬಲ್ಬು ಹಾಕಿಕೊಟ್ಟರು. "ಒತ್ತಿದ್ರೆ ಲೈಟ್ ಹತ್ಕೊಳ್ತದೆ, ಅವ್ಳು ಮಗ್ಗ ನಿಲ್ಸಿ ಬರ್ತಾಳೆ. ಇನ್ನೇನಪ್ಪಾ ಭಯ?"

"ಏನಿಲ್ಲ ಅಣ್ಣ," ಎಂದ ರಾಜೇಂದ್ರ.

ಹಕ್ಕಿ ಮತ್ತೆ ಗೂಡು ಕಟ್ಟಿತು, ಆದರೆ ಅಪ್ಪಯ್ಯಣ್ಣನವರ ಸೀಬೆಗಿಡದಲ್ಲಿ. ಮಂಚದಿಂದ ಅದು ಕಾಣುವುದಿಲ್ಲ. ಶಾಮಲಾ ದಿನವೂ ತಾರಸಿಯಿಂದ ನೋಡಿಬಂದು ಹೇಳುತ್ತಾಳೆ.

"ತಲೆ ಯಾವ್ ಕಡೆ ತಿರುಗ್ಸಿತ್ತು?" ಎಂದು ಅವನು ಕೇಳುತ್ತಾನೆ.

"ನೋಡೋಷ್ಟ್ರಲ್ಲಿ ಹಾರೋಯ್ತು ಕಣ್ರೀ."

ಅವಳು ಮಗ್ಗಕ್ಕೆ ಹೋಗುತ್ತಾಳೆ. ಅವನು ಹಾಳೆಯ ಮೇಲೆ ಒಂದು ಗೆರೆ ಎಳೆದು, ಹಕ್ಕಿ ಎತ್ತ ಹೊರಳಿತೆಂದು ತಿಳಿಯದೆ ಪೆನ್ಸಿಲ್ ಕೆಳಗಿಡುತ್ತಾನೆ.