ಮಂಚದ ಮೇಲಿನ ಅಟ್ಟ

ತಿಪಟೂರಿನಲ್ಲಿ ಮನೆ ಪ್ಲಾನ್ ಹಾಕಿಕೊಡುವ ನನಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಕೊಬ್ಬರಿ ವ್ಯಾಪಾರದ ಶಿವಣ್ಣೋರು ಹೆಂಡತಿಯನ್ನೂ ಕರೆದುಕೊಂಡು, ಕಟ್ಟಲಿರುವ ಮನೆಯನ್ನು ಅದರಲ್ಲಿ ನೋಡಲು ಬಂದರು. ಮುಂಭಾಗ ಒಂದಂತಸ್ತು, ಹಿಂಭಾಗ ಎರಡು. ಎರಡಕ್ಕೂ ಇಳಿಜಾರು ಹೆಂಚಿನ ಚಾವಣಿಯನ್ನು ಸಾಫ್ಟ್‌ವೇರೇ ಹೊದಿಸಿತ್ತು. ಹೊರಗಿನಿಂದ ತೋರಿಸಿದೆ, ಇಬ್ಬರೂ ಹಿಗ್ಗಿದರು. ಮಹಡಿಯ ಮಲಗುವ ಕೋಣೆಯೊಳಗೆ ಹೋದೆ ನೋಡಿ, ಕೆಳಗಿನ ಚಾವಣಿ ಗೋಡೆಗೆ ನಿಲ್ಲದೆ ಒಳಕ್ಕೇ ನುಗ್ಗಿ ಮಂಚದ ಮೇಲೆ ಚಾಚಿಕೊಂಡಿದೆ!

ನಾನು ಮೌಸ್ ತಡಕಾಡುವಷ್ಟರಲ್ಲಿ ಶಿವಣ್ಣೋರು ಎದ್ದೇ ನಿಂತರು. "ತಡೀರಿ, ಅಟ್ಟ ಕಣ್ರೀ ಅದು! ಹೊಸಾ ಮನೇಲಿ ಅಟ್ಟ ಕೇಳಿದ್ರೆ ನೀವು ನಗ್ತೀರ ಅಂತ ಸುಮ್ಕಿದ್ದೆ. ನಿಮ್ ಕಂಪ್ಯೂಟರ್‌ಗೇ ಗೊತ್ತಾಗೋಯ್ತಲ್ಲ!"

ನಮ್ಮ ಕಡೆ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತರೇ ಕೊಬ್ಬರಿ. ಆದರೂ ಮಂಚದ ಮೇಲೆ? "ಅದು ತಪ್ಪಾಗಿರೋದು ಸಾರ್, ಅಳಿಸ್ತೀನಿ," ಎಂದೆ.

ಅವರ ಹೆಂಡತಿ ಪರದೆಗೆ ಮುಖ ತಂದು, ಇಳಿಜಾರಿನ ಉದ್ದಕ್ಕೂ ಬೆರಳಾಡಿಸಿ ನೋಡಿದರು.

"ಕಾಯಿ ಉರುಳಿದ್ರೆ ಗೋಡೆ ಕಡೆ ಬೀಳ್ತವೆ. ಅಲ್ಲಿ ಮಲಗೋರು ಇವರೇ. ಇರ್ಲಿ ಬುಡಿ ಸಾರ್, ಅಳಿಸಬೇಡಿ."

ಅಟ್ಟ ಕಟ್ಟಿದ್ದಾಯಿತು, ಸಪಾಟಾಗಿಯೇ. ರಸಮಟ್ಟ ಇಟ್ಟು ಮತ್ತೆ ಮತ್ತೆ ನೋಡಿದವರು ಮಾತ್ರ ಮೇಸ್ತ್ರಿಯಲ್ಲ, ಶಿವಣ್ಣೋರು.