ಇಗರ್ಜಿಯ ಗೋಡೆಯಲ್ಲಿ ಅಣ್ಣನ ಹೆಸರು

“ಮೇಸ್ತ್ರಿ, ಇದರಾಗ ನನ್ನ ಮಗನ ಹೆಸರು ಎಲ್ಲೈತಿ?”

ಹಳಿಯಾಳದ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಗೋಡೆಗೆ ಆಗಷ್ಟೇ ಕೂರಿಸಿದ್ದ ನೆನಪಿನ ಕಲ್ಲಿನ ಮುಂದೆ ನಿಂತು ಅವ್ವ ಕೇಳಿದಳು. ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದ ನನ್ನ ಅಣ್ಣ ಬರ್ಮಾ ಗಡಿಯ ಯುದ್ಧದಲ್ಲಿ ತೀರಿಕೊಂಡು ವರ್ಷವಾಗಿತ್ತು. ಅವ್ವನಿಗೆ ಓದು ಬಾರದು. ನಾನು ಓದಿ ಹೇಳಬಹುದಿತ್ತು, ಆದರೆ ಅವಳು ಕೇಳಿದ್ದು ಮೇಸ್ತ್ರಿಯನ್ನು.

ಕಲ್ಲು ಕಡೆದಿದ್ದ ನಿಂಗಪ್ಪ ಮೇಸ್ತ್ರಿ ಕೈಯ ಧೂಳನ್ನು ಧೋತರಕ್ಕೆ ಒರೆಸಿಕೊಂಡು ಎರಡನೆಯ ಸಾಲಿನ ಮೇಲೆ ಬೆರಳಿಟ್ಟ. “ಇಲ್ಲೈತ್ರಿ, ಬಾಯಾರ. ಇಂಗ್ಲಿಷು ನನಗೂ ಬರೂದಿಲ್ಲ. ಹೆಸರು ಯಾವುದಂತ ಪಾದ್ರಿಗಳನ್ನ ಕೇಳಿಕೊಂಡಿದ್ದೆ. ಅದನ್ನ ಎಲ್ಲಾಕ್ಕಿಂತ ನಿಧಾನ ಕಡಿದೇನ್ರಿ. ನನ್ನ ಮಗನೂ ಫೌಜಿನಾಗ ಅದಾನ.”

ಅವ್ವ ಆ ಅಕ್ಷರಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಅವನ ಮಗನ ಹೆಸರು ಕೇಳಿದಳು. ಬಸಪ್ಪ ಎಂದ. ಅಂದಿನಿಂದ ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಅಣ್ಣನ ಹೆಸರಿನ ಜೊತೆಗೆ ಬಸಪ್ಪನ ಹೆಸರೂ ಸೇರಿತು.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿ ಆ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಆ ಕಾಲದಲ್ಲಿ ಅವರ ಜಾತಿಯವರು ಯಾರೂ ನಮ್ಮಂಥ ಕ್ರೈಸ್ತರ ಮನೆಯಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಅವ್ವ ಏನು ಕೊಡಲೆಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದಳು. ಮೇಸ್ತ್ರಿಯೇ ಮಗನೊಂದಿಗೆ ಒಳಗೆ ಬಂದು ಅವನ ಪಕ್ಕದಲ್ಲಿ ಕುಳಿತು, “ಉಣ್ಣಾಕ ನೀಡ್ರಿ, ಬಾಯಾರ” ಎಂದ.

ಅಣ್ಣನ ಸಾವಿನ ತಂತಿ ಬಂದ ದಿನವೂ ಅವ್ವ ನಮ್ಮೆದುರು ಅತ್ತಿರಲಿಲ್ಲ. ಅಂದು ಬಸಪ್ಪನಿಗೆ ಅನ್ನ ನೀಡುತ್ತ ಅತ್ತಳು. ಅವನು ತಲೆ ತಗ್ಗಿಸಿ, ನೀಡಿದ್ದನ್ನೆಲ್ಲ ಉಂಡ.