ಠಾಣೆಯಲ್ಲಿಟ್ಟ ಕೋವಿ

ಚುನಾವಣೆ ಬಂತೆಂದರೆ ನಮ್ಮ ಕಡೆಯ ಕೃಷಿಕರಿಗೆ ಒಂದು ಕೆಲಸ ಹೆಚ್ಚು. ಮಂಗ, ಹಂದಿ ಓಡಿಸಲು ಲೈಸೆನ್ಸ್ ಪಡೆದ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಮತ ಎಣಿಕೆ ಮುಗಿದ ಮೇಲೆ ವಾಪಸ್. ಅಲ್ಲಿಯವರೆಗೆ ತೋಟದಲ್ಲಿ ಮಂಗಗಳದ್ದೇ ಸರ್ಕಾರ.

ಈ ಸಲ ಕೋವಿ ಒಪ್ಪಿಸುತ್ತಿದ್ದಾಗ, ಬೆಳ್ಳಾರೆಯಲ್ಲಿ ನನ್ನ ಅಡಿಕೆ ಕೊಳ್ಳುವ ಬ್ಯಾರಿ ವ್ಯಾಪಾರಿಯೂ ಠಾಣೆಯಲ್ಲಿದ್ದರು. ಮಗನ ಪಾಸ್‌ಪೋರ್ಟ್ ಪರಿಶೀಲನೆ ಯಾಕೆ ತಡ ಎಂದು ಕೇಳುತ್ತಿದ್ದರು. ಮತ್ತೊಮ್ಮೆ ಕೇಳಿದ್ದಕ್ಕೆ ಒಬ್ಬ ಪೊಲೀಸ್ ಅವರ ಕೆನ್ನೆಗೆ ಬಾರಿಸಿದ. ಪುನಃ ಎತ್ತಿದ ಅವನ ಕೈಯನ್ನು, ನನಗೆ ರಶೀದಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಎದ್ದು ಹಿಡಿದರು.

ವ್ಯಾಪಾರಿ ದೂರು ಕೊಟ್ಟರು. ಕಂಡ ಹೊರಗಿನವನು ನಾನೊಬ್ಬನೇ. ತನಿಖೆಗೆ ಅಧಿಕಾರಿ ಬರುತ್ತಾರೆಂದು ಗೊತ್ತಾದ ಕೂಡಲೇ ವ್ಯಾಪಾರಿ ನಮ್ಮ ಮನೆಗೆ ಬಂದರು.

“ಮೂರ್ನಾಲ್ಕು ಜನ ಸೇರಿ ಹೊಡೆದ್ರು ಅಂತ ಹೇಳಿ ಮಾರಾಯ್ರೆ. ಒಂದು ಪೆಟ್ಟಿಗೆಲ್ಲ ಪೊಲೀಸರಿಗೆ ಎಂತ ಶಿಕ್ಷೆ ಆಗ್ಲಿಕ್ಕುಂಟು?”

“ನಾನು ಕಂಡದ್ದು ಒಂದೇ ಅಲ್ವಾ ಸಾಹೇಬ್ರೆ?”

“ತಿಂದದ್ದು ನಾನು,” ಎಂದವರೇ ಚಹಾ ಮುಟ್ಟದೆ ಎದ್ದು ಹೋದರು.

ಹೆಂಡತಿಯದ್ದು ಬೇರೆಯೇ ವರಾತ. “ಎಂತದೂ ಕಾಣ್ಲಿಲ್ಲ ಅಂತ ಹೇಳಿ. ಕೋವಿ ಪೊಲೀಸರ ಹತ್ರ ಉಂಟು. ಲೈಸೆನ್ಸ್ ರಿನೀವಲ್ ಮಾಡುದಿದ್ರೂ ಅವರದ್ದೇ ರಿಪೋರ್ಟ್ ಬೇಕು.”

ಅತ್ತ ದರಿ, ಇತ್ತ ಪುಲಿ. ಊಟ ಸೇರಲಿಲ್ಲ. ನ್ಯಾಯದ ಚಿಂತೆ ಎಂದು ಬರೆದರೆ ದೊಡ್ಡ ಮಾತಾಗುತ್ತದೆ. ನನಗಾಗಿದ್ದು ಬರೀ ಹೆದರಿಕೆ.

ತನಿಖೆಯ ದಿನ ಕಂಡಷ್ಟನ್ನೇ ಹೇಳಿದೆ. ಹೊಡೆದವನು ಒಬ್ಬ, ಬಿದ್ದದ್ದು ಒಂದು ಪೆಟ್ಟು. ಒಳ್ಳೆಯದನ್ನೂ ಹೇಳಬೇಕಲ್ಲ ಎಂದು, ಹೆಡ್ ಕಾನ್‌ಸ್ಟೇಬಲ್ ತಡೆದದ್ದನ್ನೂ ಸೇರಿಸಿದೆ. ಅಧಿಕಾರಿ ತಲೆ ಎತ್ತಿದರು.

“ಅವರು ತಡೆದ್ರಾ? ಇಲ್ಲಿ ಎಂತದೂ ಆಗ್ಲೇ ಇಲ್ಲ ಅಂತ ನನಗೆ ಹೇಳಿಕೆ ಕೊಟ್ಟಿದ್ದಾರಲ್ಲ!”

ಹೊಡೆದವನ ಮೇಲೂ, ಸುಳ್ಳು ಹೇಳಿಕೆ ಕೊಟ್ಟ ಹೆಡ್ ಕಾನ್‌ಸ್ಟೇಬಲ್ ಮೇಲೂ ಇಲಾಖಾ ವಿಚಾರಣೆ ಶುರುವಾಯಿತು.

ಎಣಿಕೆ ಮುಗಿದು ಕೋವಿ ತರಲು ಹೋದರೆ, ಕೊಡಲು ಕುಳಿತವರು ಅದೇ ಹೆಡ್ ಕಾನ್‌ಸ್ಟೇಬಲ್. ನಿವೃತ್ತಿ ಹತ್ತಿರದ ಮನುಷ್ಯ.

“ಪೆಟ್ಟು ತಪ್ಪಿಸಿದವ ನಾನು. ನನ್ನನ್ನೇ ಸಿಕ್ಕಿಸಿ ಹಾಕಿದ್ರಲ್ಲ ಮಾರಾಯ್ರೆ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು: “ಅದನ್ನು ನೀವೇ ಹೇಳಿದ್ರೆ ನಾನು ಹೇಳ್ಬೇಕಾಗಿರ್ಲಿಲ್ಲ ಸರ್.”

ಅವರು ರಿಜಿಸ್ಟರ್‌ಗೆ ನನ್ನ ಸಹಿ ಹಾಕಿಸಿಕೊಂಡು ಕೋವಿ ಕೊಟ್ಟರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಮೆಲ್ಲಗೆ ಹೇಳಿದರು: “ಹೌದು. ಇದಕ್ಕಿಂತ ಮೊದಲೊಮ್ಮೆ ಅವ ಇನ್ನೊಬ್ಬರಿಗೆ ಹೊಡೆದಾಗಲೇ ಹೇಳ್ಬೇಕಿತ್ತು.”

ಆಗ ಪೆಟ್ಟು ತಿಂದವರು ಯಾರೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.